ಸಬ್ಬಸಿಗೆ ವಾಸನೆಯ ಸೀಸೆ

ದೆವ್ವ ಗಿವ್ವ ನಂಬುವವನಲ್ಲ ನಾನು. ನಮ್ಮ ಲ್ಯಾಬಿನಲ್ಲಿ ಮಾಡುತ್ತಿದ್ದ ಅಣುವಿಗೆ ಎಡಗೈ ಬಲಗೈಯಂತೆ ಎರಡು ರೂಪ. ಎಡದ್ದಕ್ಕೆ ಪುದೀನ ವಾಸನೆ, ಬಲದ್ದಕ್ಕೆ ಸಬ್ಬಸಿಗೆ ವಾಸನೆ. ಎಡದ್ದೊಂದೇ ಬಂದರೆ ನನಗೆ ಪಿಎಚ್‌ಡಿ, ಇಲ್ಲದಿದ್ದರೆ ಪಟ್ಟ ಪಾಡೆಲ್ಲ ಮಣ್ಣುಪಾಲು.

ಎಡದ್ದನ್ನೇ ಹುಟ್ಟಿಸಬೇಕಾದ ಕ್ಯಾಟಲಿಸ್ಟ್ ಪುಡಿ ಮಾಡಿಟ್ಟವಳು ನನ್ನ ಸೀನಿಯರ್, ಶಿರಾದ ಜೈಬಾ ಅಕ್ಕ. ಎಡಗೈಲಿ ಫ್ಲಾಸ್ಕ್ ಕೊಟ್ಟರೆ ಮುಟ್ಟುತ್ತಿರಲಿಲ್ಲ. "ಬಲಗೈಲಿ ಕೊಡೋ, ಎಡಚ!" ಅನ್ನುತ್ತಿದ್ದಳು. ನನ್ನ ಪ್ರಯೋಗ ಮುಗಿಯುವ ಮೊದಲೇ ತೀರಿಕೊಂಡಳು.

ಅವಳ ಕೊನೆಯ ಚಿಟಿಕೆ ಪುಡಿ ಹಾಕಿದ ಮಧ್ಯಾಹ್ನ, ಐಸಿನೊಳಗಿದ್ದ ಫ್ಲಾಸ್ಕ್ ಬೆಚ್ಚಗಿತ್ತು. ಮುಚ್ಚಳ ತೆಗೆದರೆ ಸಬ್ಬಸಿಗೆ. ಪಕ್ಕದ ಬೆಂಚಿನ ಚೇತನ್ ಮೂಸಿ, "ಲೇ, ಬಸ್ಸಾರು ಮಾಡ್ಬುಟ್ಟಿದ್ದೀಯಲ್ಲೋ!" ಎಂದ.

ಎಡವೋ ಬಲವೋ ಎಂದು ಅಳೆಯುವ ಯಂತ್ರ ಮಾತ್ರ ಶುದ್ಧ ಎಡದ್ದೇ ಎಂದಿತು. ಪಿಎಚ್‌ಡಿ ಬಂತು. ಆದರೆ ಜೈಬಾ ಅಕ್ಕನ ಜೊತೆ ಕೆಲಸ ಮಾಡಿದವರಿಗೆಲ್ಲ ಅದನ್ನು ತುಂಬಿಟ್ಟ ಸೀಸೆ ಇವತ್ತಿಗೂ ಸಬ್ಬಸಿಗೆ. ಅವಳು ಹೋದಮೇಲೆ ಸೇರಿದವರಿಗೆ ಪುದೀನ.