ಬೈಗುಳ ಕೇಳಿಸಿಕೊಂಡ ಲೇತು

"ತುಕ್ಕು ಉಜ್ಜು, ಎಣ್ಣೆ ಹಾಕು, ಏನು ಬೇಕಾದ್ರೂ ಮಾಡ್ಕೋ. ಆ ತಂತಿ ಮಾತ್ರ ಬಿಚ್ಚಬೇಡ ಕಣಮ್ಮ," ಎಂದಳು ಲೋಹ ಕಡೆಯುವ ಹಳೇ ಲೇತು ಮಷಿನ್ ಮಾರಿದ ಮುದುಕಿ. ಕಬ್ಬಿಣ ಕಚ್ಚಿ ಹಿಡಿದು ತಿರುಗುವ ಚಕ್ಕಿನ ಹಿಂದೆ, ಉಕ್ಕಿನ ದಂಡಕ್ಕೆ ತಾಮ್ರದ ತಂತಿಯೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಅದರ ಸಂದಿಯಲ್ಲಿ ಸುಟ್ಟ ಕೂದಲು. "ನನ್ನ ಗಂಡನಿಗೆ ಆಗದವರು ಮಾಟ ಮಾಡ್ಸಿದ್ರು. ಈ ಮಷಿನ್ ಮುಂದೆ ಸಿಟ್ಟಲ್ಲಿ ಬಾಯಿಬಿಟ್ರೆ ಆಡಿದ್ದು ಆಗೋಗ್ತಿತ್ತು. ಮಂತ್ರಿಸಿದ ಈ ತಂತಿ ಕಟ್ಟಿಸಿದ ಮೇಲೇ ಸುಮ್ಮನಾಗಿದ್ದು."

"ಒಳ್ಳೇದೇ ಆಯ್ತಲ್ಲ ಅಜ್ಜಿ, ನನ್ನ ಹತ್ರ ಸಿಟ್ಟಿಗೇನೂ ಬರ ಇಲ್ಲ," ಎಂದು ಲೇತು ಕೊಂಡವಳು ನಕ್ಕಳು.

ಬರ ಇರಲಿಲ್ಲ, ನಿಜ. ಅಪ್ಪ ಕಣ್ಣು ಮುಚ್ಚಿದ ಮೇಲೆ ಅವನ ವರ್ಕ್‌ಶಾಪಿನ ಬಾಗಿಲಿಗೆ ಅಡ್ಡ ನಿಂತು, "ಸ್ಪ್ಯಾನರ್ ಹಿಡಿಯೋಕೆ ಬರುತ್ತಾ ನಿಂಗೆ? ಮನೇಗೆ ನಡಿ," ಎಂದಿದ್ದ ಅಣ್ಣ. ಆ ಸಿಟ್ಟಿನಲ್ಲೇ ಅವಳು ಈ ಲೇತು ಕೊಂಡಿದ್ದಳು. ಬಾಡಿಗೆಯ ತಗಡಿನ ಶೆಡ್ಡಿನಲ್ಲಿ ಲೇತು ಇಳಿಸಿಕೊಂಡು, ಫೋನಿನಲ್ಲಿ ವಿಡಿಯೋ ನೋಡುತ್ತಾ, ತಪ್ಪು ಬೋಲ್ಟು ಬಿಚ್ಚುತ್ತಾ, ಬಿಚ್ಚಿದ್ದನ್ನು ಜೋಡಿಸಲು ಬಾರದೆ ಹಲ್ಲು ಕಡಿಯುತ್ತಾ ಅವಳು ಕೆಲಸ ಕಲಿತಳು. ಸೀಮೆಎಣ್ಣೆಯಲ್ಲಿ ನೆನೆಸಿದ ಚಿಂದಿ, ಉಪ್ಪುಕಾಗದ, ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು. ತುಕ್ಕಿನಡಿಯಿಂದ ಉಕ್ಕು ಮೀನಿನ ಹೊಟ್ಟೆಯಂತೆ ಮಿನುಗತೊಡಗಿದಾಗ ಆ ತಂತಿ ಕೈಗೆ ಅಡ್ಡ ಬಂತು. ಇಕ್ಕಳದಿಂದ ಕತ್ತರಿಸಿ ಎಸೆದಳು. ಸುಟ್ಟ ಕೂದಲಿನ ಕಮಟು ಶೆಡ್ಡನ್ನೆಲ್ಲ ತುಂಬಿತು. ಬಾಗಿಲು ತೆರೆದಿಟ್ಟರೂ ಹೋಗಲಿಲ್ಲ.

ಮರುದಿನ ಪಕ್ಕದ ಅಂಗಡಿಯ ವೆಲ್ಡರ್ ಇಣುಕಿ, "ಏನಕ್ಕಾ, ಇದರಲ್ಲಿ ಹಿಟ್ಟು ನಾದ್ತೀಯಾ?" ಎಂದು ಹಲ್ಲು ಕಿರಿದ.

"ನಿನ್ನ ನಾಲಿಗೆ ಬಿದ್ದುಹೋಗ!" ಎಂದಳು. ಯಾರು ಬೇಕಾದರೂ ಬೈಯುವ ಮಾತು. ಆದರೆ ಯಾರೂ ಮುಟ್ಟದ ಚಕ್ಕು ಕಟಕ್ಕೆಂದು ಒಂದು ಸುತ್ತು ತಿರುಗಿತು.

ಬೆಳಗಾಗುತ್ತಲೇ ವೆಲ್ಡರನ ಹೆಂಡತಿ ಅಳುತ್ತಾ ಬಂದಳು. ಗಂಡನಿಗೆ ಮಾತೇ ಹೊರಡುತ್ತಿಲ್ಲ, ನಾಲಿಗೆ ಒದ್ದೆ ಬಟ್ಟೆಯಂತೆ ಜೋತುಬಿದ್ದಿದೆ. "ಲಕ್ವ ಹೊಡೆದಿರಬೇಕು, ಆಸ್ಪತ್ರೆಗೆ ಸೇರಿಸು," ಎಂದಳು ಇವಳು. ಹೇಳುವಾಗ ಕಣ್ಣು ಚಕ್ಕಿನ ಮೇಲಿತ್ತು. ಆದರೂ ಮುದುಕಿಯ ಮಾತು ಒಪ್ಪಲಿಲ್ಲ. ಒಪ್ಪಿದರೆ ಲೇತು ಬಿಡಬೇಕು. ಬಿಟ್ಟರೆ ಅಣ್ಣ ಗೆದ್ದಂತೆ.

ಆ ಅಣ್ಣನೇ ಒಂದು ಮಧ್ಯಾಹ್ನ ಬಂದ. ಹೊರಗೆ ಮೋಡ ಕವಿದು, ಕರೆಂಟು ಹೋಗಿ, ಶೆಡ್ಡಿನೊಳಗೆ ಕತ್ತಲು. ಲೇತಿಗೆ ಒಂದು ಸುತ್ತು ಹಾಕಿದವನು ಚಕ್ಕಿನ ಮೇಲೆ ಕೈಯಿಟ್ಟ.

"ಗುಜರಿಗೆ ಹಾಕು. ಅಪ್ಪನ ಹೆಸರು ಕೆಡಿಸಬೇಡ."

"ಕೈ ತೆಗಿ."

"ತೆಗೀದಿದ್ರೆ ಏನ್ ಮಾಡ್ತೀಯ?"

ಅವಳ ಮೈಯೆಲ್ಲ ಉರಿದುಹೋಯಿತು. "ನಿನ್ನ ಕೈ ಸೇದಿಹೋಗ!"

ಚಕ್ಕು ತಿರುಗಿತು. ಕರೆಂಟಿರಲಿಲ್ಲ. ತಿರುಗಿತು. ಅಂಗಿಯ ತೋಳು ಸಿಕ್ಕಿತು. ಬಟ್ಟೆ ಪರ್ರೆಂದು ಹರಿಯಿತು. ಮತ್ತೆ ಆ ಸುಟ್ಟ ನಾತ. ಅಣ್ಣ ಚೀರಿದ. ಅವಳು ಸ್ವಿಚ್ಚು ಬಡಿದಳು. ಚಕ್ಕು ತಿರುಗಿಸುವ ಬೆಲ್ಟು ಕಿತ್ತಳು. ಬೆಲ್ಟಿಲ್ಲದೆಯೂ ತಿರುಗಿತು. ಮಣಿಕಟ್ಟು ಒಳಗೆ ಹೋಗುತ್ತಿತ್ತು. "ಪುಟ್ಟೀ!" ಎಂದ ಅಣ್ಣ, ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ.

ಮುದುಕಿ ಹೇಳಿದ್ದು ನೆನಪಾಯಿತು: ಸಿಟ್ಟಿಲ್ಲದ ಮಾತು ಈ ಲೇತಿಗೆ ಕೇಳುವುದಿಲ್ಲ. ಅವಳು ಇದ್ದಬದ್ದ ಸಿಟ್ಟನ್ನೆಲ್ಲ ತನ್ನ ಮೇಲೆಯೇ ತಿರುಗಿಸಿಕೊಂಡು ಕಿರುಚಿದಳು: "ಅವನದ್ದಲ್ಲ! ತಂತಿ ಕತ್ತರಿಸಿದ ಈ ನನ್ನ ಕೈ ಸೇದಿಹೋಗ!"

ಚಕ್ಕು ನಿಂತಿತು. ಅಣ್ಣ ಹಿಂದಕ್ಕೆ ಬಿದ್ದ. ಒಂದಿಷ್ಟು ಗೀರು, ರಕ್ತ, ಅಷ್ಟೇ. ಅವಳ ಬಲಗೈ ಬೆರಳ ತುದಿಯಿಂದ ತಣ್ಣಗಾಗುತ್ತಾ ಬಂತು. ಒಣಗಿತು. ಮೊಣಕೈವರೆಗೆ ಸುಟ್ಟ ಕಡ್ಡಿಯಂತೆ ಮುದುಡಿತು. ನೋವು ಕೂಡ ಇರಲಿಲ್ಲ.

ಅಣ್ಣ ಎದ್ದು ಅದನ್ನು ನೋಡಿದ. ಮುಖ ಬಿಳುಚಿತ್ತು. ತನ್ನ ಕೈಯನ್ನು ನೀವಿಕೊಳ್ಳುತ್ತಾ ಬಾಗಿಲವರೆಗೂ ಹಿಂದಕ್ಕೆ ಸರಿದು, "ಒಡಹುಟ್ಟಿದವನ ಮೇಲೇ ಮಾಟ ಮಾಡ್ಸಿದ್ಯಲ್ಲೇ! ಇರು, ಬೀದಿಗೆಲ್ಲ ಕೇಳೋ ಹಾಗೆ ಹೇಳ್ತೀನಿ," ಎಂದ.

ಅವಳ ಬಾಯಿಗೆ ಮತ್ತೊಂದು ಬೈಗುಳ ಬಂತು. ತುಟಿಯವರೆಗೂ ಬಂತು. ತುಟಿ ಕಚ್ಚಿದಳು, ರಕ್ತ ಉಪ್ಪುಪ್ಪಾಗಿ ನಾಲಿಗೆಗೆ ತಾಗಿತು. ಬೆನ್ನ ಹಿಂದೆ, ಬೆಲ್ಟಿಲ್ಲದ ಚಕ್ಕು ಬೆರಳಷ್ಟು ತಿರುಗಿ, ಕಿವಿಗೊಟ್ಟಂತೆ ನಿಂತಿತು.