ಅಣ್ಣನ ಕಾಲಿನ ಸುದ್ದಿ

"ಏನಮ್ಮಾ ಟಿಲ್ಲಿ, ನಾಳೆ ನಮ್ಮ ಕೋಲ್ಬಿ ಎಷ್ಟು ಬಾಸ್ಕೆಟ್ ಹಾಕ್ತಾನಂತೆ?"

ಓರ್ವಿಲ್ ತಾತ ಕೆಂಪು ಸ್ಟಾಪ್ ಬೋರ್ಡನ್ನು ಎತ್ತಿ ಹಿಡಿದೇ ಕೇಳಿದರು. ಎರಡೂ ಕಡೆ ಕಾರುಗಳು ನಿಂತಿದ್ದವು. ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವುದು ಅವರ ಕೆಲಸ, ಶಾಲೆಯ ಮಕ್ಕಳಿಗೆಲ್ಲ ಅವರು ತಾತ. ಮೂಗು ಮರಗಟ್ಟುವ ಫೆಬ್ರವರಿ ಚಳಿಯಲ್ಲೂ ಅವರು ಒಂದು ದಿನ ತಪ್ಪಿಸಿಕೊಂಡವರಲ್ಲ.

ಈ ಪ್ರಶ್ನೆ ಎಂದರೆ ಟಿಲ್ಲಿಗೆ ಬಲು ಖುಷಿ. ಅಣ್ಣ ಕೋಲ್ಬಿ ಒಮಾಹಾದ ಕಾಲೇಜು ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾನೆ. ಶಾಲೆಯಲ್ಲಿ ಅರ್ಧ ಜನ ಅವಳನ್ನು ಟಿಲ್ಲಿ ಎನ್ನುವುದೇ ಇಲ್ಲ, "ಕೋಲ್ಬಿ ತಂಗಿ" ಎನ್ನುತ್ತಾರೆ. ಅದಕ್ಕೂ ಅವಳಿಗೆ ಬೇಜಾರಿಲ್ಲ.

ಆದರೆ ಇವತ್ತು ಅವಳ ಹತ್ತಿರ ಒಂದು ಗುಟ್ಟಿತ್ತು. ನಿನ್ನೆ ಸಂಜೆ ಅಣ್ಣ ಊಟಕ್ಕೆ ಬಂದಿದ್ದ. ಒಂದು ಕಾಲನ್ನು ಐಸ್ ಬಕೆಟ್‌ನಲ್ಲಿ ಇಳಿಬಿಟ್ಟು, ಚಿಲ್ಲಿ ಸೂಪಿನಲ್ಲಿ ಸಿನಮನ್ ರೋಲ್ ಎಂಬ ಸಿಹಿ ಬನ್ನನ್ನು ಅದ್ದಿ ತಿನ್ನುತ್ತಾ, "ಕಾಲು ಉಳುಕಿದೆ. ಶನಿವಾರ ಆಡೋಕಾಗಲ್ಲ. ಹೊರಗೆ ಯಾರಿಗೂ ಹೇಳ್ಬೇಡಿ, ಕೋಚ್ ಸ್ಟ್ರಿಕ್ಟಾಗಿ ಹೇಳಿದಾರೆ" ಎಂದಿದ್ದ. ಅಮ್ಮ ಟಿಲ್ಲಿಯ ಕಡೆಗೇ ನೋಡಿ, "ಕೇಳಿಸ್ತಾ, ರೇಡಿಯೋ?" ಎಂದಿದ್ದಳು.

"ಹೇಳೇ ಮರೀ, ಚೆನ್ನಾಗಿದಾನೆ ತಾನೆ?" ತಾತ ಮತ್ತೆ ಕೇಳಿದರು.

ಹೊರಗೆ ಯಾರಿಗೂ ಹೇಳಬಾರದು, ನಿಜ. ಆದರೆ ಓರ್ವಿಲ್ ತಾತ ಹೊರಗಿನವರೇ? "ಅವನ ಕಾಲು ಇಷ್ಟು ದಪ್ಪ ಊದಿದೆ ತಾತ! ನಾಳೆ ಆಡಲ್ಲ" ಎಂದುಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. "ಯಾರಿಗೂ ಹೇಳ್ಬೇಡಿ."

"ಛೆ ಛೆ, ಪಾಪ. ನಾನ್ಯಾರಿಗೆ ಹೇಳ್ಲಿ? ಹೋಗು, ಬೆಲ್ ಆಗುತ್ತೆ."

ಶನಿವಾರ ಮಧ್ಯಾಹ್ನ ಅಪ್ಪ ಅವಳನ್ನು ಮಿಸೌರಿ ನದಿಯ ಮೇಲಿನ ನಡೆಸೇತುವೆಗೆ ಕರೆದುಕೊಂಡು ಹೋದ. ಸೇತುವೆಯ ನಡುವೆ ಒಂದು ಗೆರೆ ಇದೆ. ಈಚೆ ನೆಬ್ರಾಸ್ಕ, ಆಚೆ ಅಯೋವಾ. ಟಿಲ್ಲಿ ಎಂದಿನಂತೆ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾಲಿಟ್ಟು ನಿಂತಳು.

ಅವಳ ಪಕ್ಕದಲ್ಲೇ ಒಬ್ಬ ದಡಬಡ ಬಂದ. ಗೆರೆ ದಾಟಿ ಹತ್ತು ಹೆಜ್ಜೆ ನಡೆದ, ಫೋನು ಒತ್ತಿದ, ತಿರುಗಿ ಹೋದ. ಅವನ ಹಿಂದೆ ಇನ್ನಿಬ್ಬರು ಬಂದು ಹಾಗೆಯೇ ಮಾಡಿದರು. ಒಬ್ಬರೂ ನದಿಯ ಕಡೆ ಕಣ್ಣೆತ್ತಿ ನೋಡಲಿಲ್ಲ.

"ಅವರು ಏನ್ ಮಾಡ್ತಿದಾರೆ ಅಪ್ಪಾ?"

"ಬೆಟ್ ಕಟ್ತಾರೆ. ನಮ್ಮ ಕಡೆ ನಿಂತು ಫೋನಲ್ಲಿ ಕಟ್ಟೋಕೆ ಕಾನೂನು ಬಿಡಲ್ಲ. ಅಯೋವಾದಲ್ಲಿ ಬಿಡುತ್ತೆ. ನಾವೆಲ್ಲಿ ನಿಂತಿದೀವಿ ಅಂತ ಫೋನಿಗೇ ಗೊತ್ತಾಗುತ್ತಲ್ಲ! ಅದಕ್ಕೇ ಈ ವಾಕಿಂಗು" ಎಂದು ಅಪ್ಪ ನಕ್ಕ. "ಸಂಜೆ ನಮ್ಮ ಕೋಲ್ಬಿ ಟೀಮಿನ ಮ್ಯಾಚಿದೆಯಲ್ಲ, ಗೆಲ್ಲುತ್ತೆ ಅಂತ ಕೆಲವರು, ಸೋಲುತ್ತೆ ಅಂತ ಕೆಲವರು. ಯಾರು ಆಡ್ತಾರೆ, ಯಾರು ಆಡಲ್ಲ ಅಂತ ಮೊದಲೇ ಗೊತ್ತಾದೋನಿಗೆ ಹಬ್ಬ."

ಅಯೋವಾ ಕಡೆಯ ಕಂಬಿಗೆ ಒರಗಿ, ಕನ್ನಡಕವನ್ನು ಹಣೆಗೇರಿಸಿಕೊಂಡು, ಒಂದೇ ಬೆರಳಿನಲ್ಲಿ ಫೋನು ಒತ್ತುತ್ತಿದ್ದವರನ್ನು ಟಿಲ್ಲಿ ಆಗಲೇ ನೋಡಿದ್ದಳು. ಅವರೂ ತಲೆಯೆತ್ತಿದರು. ಫೋನು ಕೋಟಿನ ಜೇಬಿಗೆ ಹೋಯಿತು.

"ಓ, ಟಿಲ್ಲಿ! ಸುಮ್ನೆ... ಸ್ವಲ್ಪ ಗಾಳಿಗೆ ಅಂತ ಬಂದೆ" ಎಂದರು ಓರ್ವಿಲ್ ತಾತ.

ಕಾರಿನಲ್ಲಿ ಹಿಂದಿರುಗುವಾಗ ಏನಾಯಿತೆಂದು ಅಪ್ಪ ಎರಡು ಸಲ ಕೇಳಿದರೂ ಟಿಲ್ಲಿ "ಏನಿಲ್ಲ" ಎಂದಳು.

ಆ ಸಂಜೆ ಅಣ್ಣ ಬೆಂಚಿನಲ್ಲಿ ಕುಳಿತ, ತಂಡ ಸೋತಿತು. ಭಾನುವಾರ ಅಣ್ಣ ಮನೆಗೆ ಬಂದ. ಮುಖ ಗಂಟಿಕ್ಕಿಕೊಂಡು ಸೋಫಾದ ಮೇಲೆ ಬಿದ್ದುಕೊಂಡ.

"ನಂದು ಹಾಳಾಗಲಿ, ಕೋಚ್ ಡ್ವೇನ್‌ನ ಹಿಡ್ಕೊಂಡಿದಾರೆ ಅಮ್ಮಾ. ಕಾಲಿನ ವಿಷಯ ಹೊರಗಿನೋರಿಗೆ ಶುಕ್ರವಾರವೇ ಗೊತ್ತಾಗಿ, ನಾವು ಸೋಲ್ತೀವಿ ಅಂತ ಬೆಟ್ ಕಟ್ಟಿದಾರಂತೆ. ನನ್ನ ರೂಮ್‌ಮೇಟ್ ಅವನೇ ತಾನೆ? ಅವನೇ ಹೇಳಿರಬೇಕು ಅಂತ ಕೋಚ್ ಅನುಮಾನ. ನಾಳೆ ಟೀಮಿಂದ ತೆಗೀತಾರೆ."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಟಿಲ್ಲಿ ಅದನ್ನೂ ಯೋಚಿಸಿದಳು. ಆದರೆ ಡ್ವೇನ್ ಅವಳ ಹುಟ್ಟುಹಬ್ಬಕ್ಕೆ ಬಂದಿದ್ದವನು. ಮೇಣದಬತ್ತಿ ಊದುವಾಗ ಎಲ್ಲರಿಗಿಂತ ಜೋರಾಗಿ ಹಾಡಿದ್ದವನು.

"ಡ್ವೇನ್ ಅಲ್ಲ. ನಾನು."

"ನೀನಾ? ಯಾರಿಗೆ ಹೇಳಿದೆ?" ಅಣ್ಣ ಎದ್ದು ಕುಳಿತ.

"ಓರ್ವಿಲ್ ತಾತಂಗೆ. ಅವರು ಕೇಳಿದ್ರು. ಆಮೇಲೆ ಸೇತುವೆ ಮೇಲೆ..." ಮುಂದಿನದು ಅಳುವಿನಲ್ಲಿ ಕಲಸಿಹೋಯಿತು.

ಅಣ್ಣ ಬೈಯುತ್ತಾನೆಂದು ಅವಳು ಕಾದಳು. ಅವನು ಬೈಯಲಿಲ್ಲ. "ನನ್ನನ್ನೂ ಅವರೇ ರೋಡ್ ದಾಟಿಸ್ತಿದ್ರು" ಎಂದ, ಯಾರಿಗೋ ಹೇಳುವ ಹಾಗೆ. ಆಮೇಲೆ ಕುಂಟುತ್ತಾ ವರಾಂಡಕ್ಕೆ ಹೋಗಿ ಕೋಚ್‌ಗೆ ಫೋನು ಮಾಡಿದ. ಕಿಟಕಿಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅವನು ಒಳಗೆ ಬರುವಷ್ಟರಲ್ಲಿ ಟಿಲ್ಲಿ ಸ್ವೆಟರಿನ ತೋಳನ್ನೆಲ್ಲ ಕಚ್ಚಿ ಒದ್ದೆ ಮಾಡಿದ್ದಳು.

"ಡ್ವೇನ್‌ನ ಬಿಟ್ರು. ನಂಗೆ ಮೂರು ಮ್ಯಾಚ್ ಬೆಂಚು. ಕಾಲು ವಾಸಿಯಾದ ಮೇಲೂ."

"ನನ್ನಿಂದಾನಾ?"

"ಅರ್ಧ ನಿನ್ನಿಂದ. ಸೂಪು ಕುಡೀತಾ ಬಾಯಿಬಿಟ್ಟೋನು ನಾನಲ್ವೇನೇ?" ಎಂದು ಅವಳ ತಲೆಗೆ ಮೆಲ್ಲಗೆ ಮೊಟಕಿದ. ಆದರೆ ನಗಲಿಲ್ಲ.

ಸೋಮವಾರ ಬೆಳಗ್ಗೆ ಅಮ್ಮ, "ನಾನೂ ಬರಲಾ?" ಎಂದಳು. ಟಿಲ್ಲಿ ಬೇಡವೆಂದಳು. ಮೂಲೆ ತಿರುಗುವ ಹೊತ್ತಿಗೆ ಬೇಕೆನ್ನಬೇಕಿತ್ತು ಎನಿಸಿತು.

ಓರ್ವಿಲ್ ತಾತ ಅಲ್ಲೇ ಇದ್ದರು. ಕಿಂಡರ್‌ಗಾರ್ಟನ್ ಹುಡುಗನೊಬ್ಬನ ಬಿದ್ದುಹೋದ ಟೋಪಿ ಎತ್ತಿ, ಹಿಮ ಕೊಡವಿ, ಕಿವಿ ಮುಚ್ಚುವಂತೆ ತೊಡಿಸುತ್ತಿದ್ದರು. ಅವನಿಗೆ ಚಳಿಯಾದೀತೆಂಬ ಅವರ ಚಿಂತೆ ನಟನೆಯಾಗಿರಲಿಲ್ಲ. ಅದನ್ನು ನೋಡಿ ಟಿಲ್ಲಿಗೆ ಇನ್ನಷ್ಟು ಸಂಕಟವಾಯಿತು.

"ಬಾರಮ್ಮಾ. ಅಣ್ಣನ ಕಾಲು ಹೇಗಿದೆ?"

"ಅಣ್ಣನ್ನೇ ಕೇಳಿ, ತಾತ."

ಅವರ ಕೆನ್ನೆ ಚಳಿಗೆ ಮೊದಲೇ ಕೆಂಪಾಗಿತ್ತು, ಈಗ ಕಿವಿಯವರೆಗೂ ಕೆಂಪಾಯಿತು. "ನಾನು ಸುಮ್ನೆ..." ಎನ್ನುತ್ತಾ ರಸ್ತೆಯ ನಡುವೆ ಹೋಗಿ ಬೋರ್ಡನ್ನು ಎತ್ತಿ ಹಿಡಿದರು. ಕಾರುಗಳು ನಿಂತವು.

ಟಿಲ್ಲಿ ಫುಟ್‌ಪಾತಿನ ಅಂಚಿನಲ್ಲಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಮತ್ತೊಮ್ಮೆ ಎಡಕ್ಕೆ ನೋಡಿದಳು. ಆಮೇಲೆ ತಾನೇ ರಸ್ತೆ ದಾಟಿದಳು.