ಏಳನೆಯ ಹಂತದ ಸಾಲು

ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಟ್ಯಾಮರಾಕ್ ಕೋವ್ ಪೊಲೀಸ್ ಠಾಣೆಯ ಬಾಗಿಲಲ್ಲಿ ಬೂಟಿನ ಹಿಮ ಕೊಡವಿಕೊಂಡು ಒಳಗೆ ಬಂದವಳು ಸೆನ್ಯಾ ಟೊರ್ವಿ. ವಯಸ್ಸು ಇಪ್ಪತ್ತಾರು, ಊರಿನ ಪಶುವೈದ್ಯರ ಬಳಿ ಸಹಾಯಕಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿಟ್ಟ ಎರಡು ಹಾಳೆಗಳಿದ್ದವು.

"ನಮ್ಮ ತಾತ ಆಸ್ಪತ್ರೇಲಿದಾರೆ. ಅದು ಆಕಸ್ಮಿಕ ಅಲ್ಲ. ದೂರು ಬರ್ಕೊಳ್ಳಿ" ಎಂದಳು.

ಡಿಟೆಕ್ಟಿವ್ ಸಾರ್ಜೆಂಟ್ ಕೈಸಾ ನೀಮೆಲಾಗೆ ಸಂಗತಿ ಗೊತ್ತಿತ್ತು. ಆ ಊರಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಮೂವತ್ತು ವರ್ಷ ಹಿಮ ತೆಗೆಯುವ ಲಾರಿ ಓಡಿಸಿದ್ದ ರಾಯ್ ಟೊರ್ವಿ ಶನಿವಾರ ಸಂಜೆ ಆರರ ಸುಮಾರಿಗೆ ಹಿತ್ತಲಿನ ಉಗಿಸ್ನಾನದ ಮನೆ ಸೌನಾದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ಒಲೆಯ ಹೊಗೆ ತಲೆಗೇರಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು.

"ಒಲೆ ಹಚ್ಚೇ ಇರ್ಲಿಲ್ಲ. ಬಟ್ಟೆ ಬದಲಾಯಿಸೋ ಕೋಣೇಲಿ ಕೂತು ಒಡವೆ ಕೆಲಸ ಮಾಡ್ತಿದ್ರು. ಇವತ್ತು ಬೆಳಿಗ್ಗೆ ಡಾಕ್ಟರು ಏನೋ ವಿಷದ ಗಾಳಿ ಅಂದ್ರು. ತಾತ ಮಾಡಿದ್ದು ಈ ಹಾಳೇಲಿ ಇದ್ದ ಹಾಗೇ. ಒಂದಕ್ಷರ ಆಚೀಚೆ ಮಾಡಿಲ್ಲ" ಎಂದು ಸೆನ್ಯಾ ಚೀಲವನ್ನು ಮೇಜಿನ ಮೇಲಿಟ್ಟಳು.

ಕೈಸಾ ಹಾಳೆ ನೋಡಿದಳು. ಅದು 'ತಾಮ್ರ ಬಳಗ'ದ ಪಾಠ. ತಾಮ್ರದ ತಂತಿ ಸುತ್ತಿ ಕಲ್ಲುಗಳನ್ನು ಪದಕ ಮಾಡುವವರು ಅಂತರ್ಜಾಲದಲ್ಲಿ ಕಟ್ಟಿಕೊಂಡ ಬಳಗ ಅದು. ಹತ್ತು ಸಾವಿರ ಸದಸ್ಯರು, ಅದನ್ನು ನಡೆಸುವವಳು ಇದೇ ಊರಿನ ಲೆಂಪಿ ಹೈಕ್ಕಿನೆನ್. ತಂತಿಗೆ ಹಳೆಯ ಕಾಲದ ಕಪ್ಪು ಛಾಯೆ ಕೊಡಲು ಗಂಧಕದ ದ್ರಾವಣ ಬಳಸುತ್ತಾರೆ. ಕೆಲಸ ಮುಗಿದ ಮೇಲೆ ದ್ರಾವಣದ ಕಸುವು ಇಳಿಸಲು ಅಡುಗೆ ಸೋಡಾ ಹಾಕಬೇಕು. ಪಾಠದ ಏಳನೆಯ ಹಂತ ಅದೇ. ಸೆನ್ಯಾ ತಂದ ಹಾಳೆಯಲ್ಲಿ ಸೋಡಾ ಇರಲಿಲ್ಲ. ಅಡುಗೆಮನೆಯಲ್ಲೇ ಸಿಗುವ, ದ್ರಾವಣಕ್ಕೆ ಸೇರಿದರೆ ವಿಷದ ಗಾಳಿ ಎಬ್ಬಿಸುವ ಬೇರೊಂದು ವಸ್ತುವಿನ ಹೆಸರಿತ್ತು.

ದೂರು ದಾಖಲಾಯಿತು. 11.15ಕ್ಕೆ ಕೈಸಾ ಮತ್ತು ಕಾನ್‌ಸ್ಟೇಬಲ್ ವೆರ್ನ್ ಟ್ರೆವಾರೊ ಟೊರ್ವಿಯ ಹಿತ್ತಲಿನಲ್ಲಿ ಮಹಜರು ನಡೆಸಿದರು. ಚಳಿಗೆಂದು ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದ್ದ ಪುಟ್ಟ ಕೋಣೆ. ಬೆಂಚಿನ ಮೇಲೆ ಗಾಜಿನ ಬಟ್ಟಲು, ಎರಡು ಇಕ್ಕಳ, ತಂತಿಯ ಸುರುಳಿ. ಗೋಡೆಯುದ್ದಕ್ಕೂ ಜಾಡಿಗಳಲ್ಲಿ ಸರೋವರದ ದಂಡೆಯ, ಬಣ್ಣದ ಪಟ್ಟೆಗಳ ಅಗೇಟ್ ಕಲ್ಲುಗಳು. ಮೂರು ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಆಯ್ದಿಟ್ಟವು. ಅವನ್ನು ಒಂದೊಂದಾಗಿ ಪದಕ ಮಾಡಿ ಅವಳ ಗೆಳತಿಯರಿಗೆಲ್ಲ ಹಂಚಬೇಕೆಂದು ರಾಯ್ ಈ ಕೆಲಸ ಕಲಿತಿದ್ದನಂತೆ. ಬಟ್ಟಲಲ್ಲಿದ್ದುದನ್ನು ಸೀಸೆಗೆ ತುಂಬಿ, ಮೊಹರು ಮಾಡಿ, ಪ್ರಯೋಗಾಲಯಕ್ಕೆ ಕಳಿಸಿದರು.

ಠಾಣೆಗೆ ಮರಳಿ ಕೈಸಾ ಬಳಗದ ಪುಟ ತೆರೆದಳು. ಏಳನೆಯ ಹಂತ: 'ಎರಡು ಚಮಚ ಅಡುಗೆ ಸೋಡಾ ಹಾಕಿ.'

ಟ್ರೆವಾರೊ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. "ಸರಿಯಾಗೇ ಇದೆಯಲ್ಲ ಮೇಡಂ. ಮುದುಕ ತಪ್ಪು ಓದ್ಕೊಂಡಿರ್ಬೇಕು."

"ಮುದುಕ ತಪ್ಪು ಓದಬಹುದು ವೆರ್ನ್. ಪ್ರಿಂಟರ್ ತಪ್ಪು ಓದತ್ತಾ?"

ಹಾಳೆಯ ಅಡಿಯಲ್ಲಿ ಮುದ್ರಣದ ಸಮಯವಿತ್ತು: ಫೆಬ್ರವರಿ 8, ಶನಿವಾರ, ಸಂಜೆ 4.12. ಅಂದರೆ ಯಾರೋ ಸಾಲನ್ನು ಬದಲಾಯಿಸಿದ್ದರು. ಆಮೇಲೆ ಯಾರೋ ಅದನ್ನು ಮೊದಲಿನಂತೆ ಮಾಡಿದ್ದರು. ತಪ್ಪು ಬರೆದವರು ತಿದ್ದಿಕೊಂಡರೆ ಸದಸ್ಯರಿಗೆ ಹೇಳುತ್ತಾರೆ, ಎಚ್ಚರಿಸುತ್ತಾರೆ. ಇಲ್ಲಿ ಸದ್ದಿಲ್ಲದೆ ಒರೆಸಿಹಾಕಿದ್ದರು. ಕೈಸಾಳ ಮನಸ್ಸಿಗೆ ಚುಚ್ಚಿದ್ದು ಅದೇ.

ನ್ಯಾಯಾಧೀಶರ ಆದೇಶ ಪಡೆದು ಪುಟದ ದಾಖಲೆಗಳನ್ನು ತರಿಸಲು ಎರಡು ದಿನ ಹಿಡಿಯಿತು. ಗುರುವಾರ ಮಧ್ಯಾಹ್ನ 2.30ಕ್ಕೆ ಬಂದ ಉತ್ತರ ಚುಟುಕಾಗಿತ್ತು. ಮೊದಲ ತಿದ್ದುಪಡಿ ಫೆಬ್ರವರಿ 7, ಶುಕ್ರವಾರ, ಬೆಳಿಗ್ಗೆ 6.50. ಎರಡನೆಯದು ಫೆಬ್ರವರಿ 9, ಭಾನುವಾರ, ಮಧ್ಯಾಹ್ನ 1.15. ಎರಡೂ ಒಂದೇ ಖಾತೆಯಿಂದ. ಖಾತೆಯ ಹೆಸರು ಲೆಂಪಿ ಹೈಕ್ಕಿನೆನ್.

ಟ್ರೆವಾರೊ ಟೋಪಿ ತೆಗೆದು ತಲೆ ಕೆರೆದುಕೊಂಡ. "ಆ ಅಜ್ಜೀನಾ? ನಮ್ಮಮ್ಮನ ಮದುವೆ ಸರ ಮಾಡಿಕೊಟ್ಟೋರು ಅವ್ರು."

"ನಾನೂ ಅವ್ರ ಅಡುಗೆಮನೇಲೇ ಬೆಳೆದೋಳು. ಗಾಡಿ ತೆಗಿ" ಎಂದಳು ಕೈಸಾ.

ಲೆಂಪಿಗೆ ಎಪ್ಪತ್ತೊಂದು ವರ್ಷ. ಬಾಗಿಲು ತೆಗೆದವಳೇ ಕಾಫಿಗಿಟ್ಟು, ಏಲಕ್ಕಿ ಬ್ರೆಡ್ ಕುಯ್ದು ತಟ್ಟೆ ಮುಂದೆ ತಳ್ಳಿದಳು. ಕಣ್ಣು ಅತ್ತು ಊದಿತ್ತು.

"ರಾಯ್ ಹೇಗಿದಾನೆ, ಕೈಸಾ?"

"ಉಸಿರಾಟದ ಮೆಷಿನ್ ತೆಗೆದಿದಾರೆ. ಮಾತು ಇನ್ನೂ ಬಂದಿಲ್ಲ. ಆಂಟಿ, ಬಳಗದ ಪಾಠ ಯಾರು ಬರೆಯೋದು?"

"ನಾನೇ."

"ಎಲ್ಲಾನೂ?"

"ಪ್ರತಿ ಅಕ್ಷರಾನೂ ನಂದೇ."

"ಕಪ್ಪು ದ್ರಾವಣದ ಕೆಲಸ ಮುಗಿದ ಮೇಲೆ ಏನು ಹಾಕ್ಬೇಕು?"

"ಸೋಡಾ. ಯಾವಾಗ್ಲೂ ಸೋಡಾ. ಇದನ್ನೇನು ಕೇಳ್ತೀಯ, ನಿನಗೆ ಹತ್ತು ವರ್ಷ ಇದ್ದಾಗ್ಲೇ ಹೇಳಿಕೊಟ್ಟಿದೀನಿ."

ಕೈಸಾ ರಾಯ್‌ನ ಹಾಳೆಯ ನಕಲನ್ನು ಮೇಜಿನ ಮೇಲಿಟ್ಟು ಏಳನೆಯ ಹಂತದ ಮೇಲೆ ಬೆರಳಿಟ್ಟಳು. "ಇದನ್ನ ಸ್ವಲ್ಪ ನೋಡಿ."

ಲೆಂಪಿ ಕನ್ನಡಕ ಏರಿಸಿ ಹಾಳೆಯನ್ನು ಹತ್ತಿರ ತಂದಳು, ದೂರ ಹಿಡಿದಳು. ತುಂಬಾ ಹೊತ್ತು ನೋಡಿದಳು. "ಹ್ಞಾ. ಸರಿಯಾಗೇ ಇದೆಯಲ್ಲ."

ಟ್ರೆವಾರೊ ಏನೋ ಹೇಳಲು ಬಾಯಿ ತೆರೆದ. ಕೈಸಾ ಕಣ್ಣಲ್ಲೇ ತಡೆದಳು. ಎಷ್ಟೋ ಹಳೆಯ ಸಂಗತಿಗಳು ಒಮ್ಮೆಗೇ ನೆನಪಾದವು. ಅಂಗಡಿಯಲ್ಲಿ ಡಬ್ಬಿ ಕೈಗಿಟ್ಟು, 'ಕನ್ನಡಕ ಮರೆತು ಬಂದೆ, ಇದರಲ್ಲೇನು ಬರೆದಿದೆ ಓದು ಮಗಳೇ' ಎನ್ನುತ್ತಿದ್ದಳು ಲೆಂಪಿ. ಚರ್ಚಿನಲ್ಲಿ ಹಾಡಿನ ಪುಸ್ತಕ ತೆರೆಯದೆ ಎಲ್ಲ ಹಾಡನ್ನೂ ಬಾಯಿಪಾಠ ಹೇಳುತ್ತಿದ್ದಳು. ಇಷ್ಟು ವರ್ಷ ತನ್ನ ಪೊಲೀಸ್ ಕಣ್ಣಿಗೂ ಬೀಳದ್ದು ಈಗ ಕಾಣಿಸಿತು.

"ಆಂಟಿ," ಎಂದಳು ಮೆಲ್ಲಗೆ, "ನಿಮಗೆ ಓದೋಕೆ ಬರಲ್ಲ."

ಲೆಂಪಿಯ ಕೆನ್ನೆ ಕೆಂಪಾಯಿತು. ಹಾಳೆಯನ್ನು ಎರಡಾಗಿ ಮಡಿಸಿದಳು, ಮತ್ತೆ ಬಿಡಿಸಿದಳು.

"ಅಕ್ಷರ ಒಂದು ಕಡೆ ನಿಲ್ಲಲ್ಲ ನನಗೆ. ಚಿಕ್ಕೋಳಿದ್ದಾಗಿಂದ್ಲೂ ಹಾಗೇ, ಇರುವೆ ಹರಿದಾಡಿದ ಹಾಗೆ. ಟೀಚರು ದಡ್ಡಿ ಅಂದ್ರು, ಆರನೇ ಕ್ಲಾಸಿಗೆ ಬಿಡಿಸಿದ್ರು. ಕೈ ಮಾತ್ರ ದಡ್ಡ ಆಗಿರ್ಲಿಲ್ಲ."

"ಹಾಗಾದ್ರೆ ಬರೆಯೋದ್ಯಾರು?"

ಲೆಂಪಿ ಹಾಳೆಯನ್ನು ಕೈಸಾಳತ್ತ ತಳ್ಳಿದಳು.

"ನೀವು ಹೇಳ್ದಿದ್ರೆ ನಿಮ್ಮನ್ನೇ ಕರ್ಕೊಂಡು ಹೋಗ್ಬೇಕಾಗತ್ತೆ."

"ಕರ್ಕೊಂಡು ಹೋಗು. ನನ್ನ ಹೆಸರಲ್ಲಿ ಬಂದದ್ದು ನಂದೇ."

ಕೈಸಾ ಟಿಪ್ಪಣಿ ಪುಸ್ತಕ ತಿರುವಿದಳು. "ಭಾನುವಾರ ಮಧ್ಯಾಹ್ನ ಒಂದೂಕಾಲಿಗೆ ಎಲ್ಲಿದ್ರಿ?"

"ಚರ್ಚಿನ ನೆಲಮಾಳಿಗೇಲಿ. ಕಾಫಿ ಪಾತ್ರೆ ತೊಳೀತಿದ್ದೆ. ಎರಡೂವರೆ ಆಯ್ತು ಮನೆಗೆ ಬರೋಷ್ಟರಲ್ಲಿ. ಪಾದ್ರಿಗಳನ್ನ ಬೇಕಾದ್ರೆ ಕೇಳು."

"ನಿಮ್ಮ ಜೊತೆ ಯಾರಿದ್ರು?"

"ನಾನೊಬ್ಳೇ. ಯಾವಾಗ್ಲೂ ಡೋರೀನ್ ಇರ್ತಾಳೆ. ಅವತ್ತು ಪಾದ್ರಿಗಳು ರಾಯ್ ವಿಷಯ ಹೇಳಿ ಪ್ರಾರ್ಥನೆ ಮಾಡಿಸಿದ್ರು ನೋಡು, ಅದು ಮುಗೀತಿದ್ದ ಹಾಗೇ ತಲೆನೋವು ಅಂತ ಮನೆಗೆ..."

ಮಾತು ಅಲ್ಲಿಗೇ ನಿಂತಿತು. ಲೆಂಪಿ ಕಾಫಿ ಲೋಟವನ್ನು ಕೆಳಗಿಟ್ಟಳು. ಅದು ತಟ್ಟೆಯ ಅಂಚಿಗೆ ತಗುಲಿ ವಾಲಿ, ಕಾಫಿ ಮೇಜಿನ ಮೇಲೆಲ್ಲ ಹರಿಯಿತು. ಅವಳು ಒರೆಸಲಿಲ್ಲ.

"ನನ್ನ ಗಂಡನಿಗೂ ಹೇಳಿರ್ಲಿಲ್ಲ, ಕೈಸಾ," ಎಂದಳು ಕೊನೆಗೆ. "ನಲವತ್ತು ವರ್ಷ ಸಂಸಾರ ಮಾಡಿ ಅವರಿಗೂ ಹೇಳಿರ್ಲಿಲ್ಲ. ಅವಳೊಬ್ಬಳಿಗೇ ಹೇಳಿದ್ದು."

ಡೋರೀನ್ ಪೆನ್‌ಹೇಲ್, ಐವತ್ತೆಂಟು, ಶಾಲೆಯ ಗ್ರಂಥಾಲಯದಲ್ಲಿದ್ದು ನಿವೃತ್ತಳಾದವಳು, ಲೆಂಪಿಯ ಪಕ್ಕದ ಮನೆ. ಒಂಬತ್ತು ವರ್ಷದಿಂದ ವಾರಕ್ಕೆ ಮೂರು ದಿನ ಬಂದು ಲೆಂಪಿ ಕೈಯಲ್ಲಿ ಮಾಡಿದ್ದನ್ನು ಚಿತ್ರ ತೆಗೆದು, ಅವಳು ಬಾಯಲ್ಲಿ ಹೇಳಿದ್ದನ್ನು ಹಂತ ಹಂತವಾಗಿ ಬರೆದು, ಸದಸ್ಯರ ಪ್ರಶ್ನೆಗಳಿಗೆ ಲೆಂಪಿಯ ಹೆಸರಿನಲ್ಲೇ ಉತ್ತರ ಕೊಡುತ್ತಿದ್ದವಳು. ಖಾತೆಯ ಗುಪ್ತಪದ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ.

ಎಲ್ಲಿ ಕೆಟ್ಟಿತು ಎಂಬುದು ಅಂದು ಸಂಜೆ ಸಿಕ್ಕಿತು. ಫೆಬ್ರವರಿ 6ರ ಗುರುವಾರ ಬಳಗಕ್ಕೆ ಹತ್ತು ಸಾವಿರ ಸದಸ್ಯರಾದ ಸಂತೋಷಕ್ಕೆ ಲೆಂಪಿ ಒಂದು ನೇರ ಪ್ರಸಾರ ಮಾಡಿದ್ದಳು. ಕೈಸಾ ಅದನ್ನು ಮೊದಲಿಂದ ನೋಡಿದಳು. ನಲವತ್ತೊಂದನೆಯ ನಿಮಿಷದಲ್ಲಿ ದೂರದ ಯಾರೋ ಸದಸ್ಯೆ ಕರೆ ಮಾಡಿ ಕೇಳಿದ್ದಳು: "ನಾನು ಎಷ್ಟೋ ಕಡೆ ಕಲಿಯೋಕೆ ನೋಡಿದೆ. ನಿಮ್ಮಷ್ಟು ಬಿಡಿಸಿ, ಪ್ರೀತಿಯಿಂದ ಬರೆಯೋರು ಯಾರೂ ಇಲ್ಲ. ಇಷ್ಟು ಚೆನ್ನಾಗಿ ಬರೆಯೋದು ಹೇಗೆ ಕಲಿತ್ರಿ?"

ಲೆಂಪಿ ಒಂದು ಗಳಿಗೆ ತಡೆದು, ನಕ್ಕಳು. "ಹಾಗೇ ಬಂತು. ಬರೆಯೋದೆಲ್ಲ ನಾನೇ. ಕ್ಯಾಮೆರಾ ಹಿಡಿಯೋದಕ್ಕೆ ಪಕ್ಕದ ಮನೆಯೋರೊಬ್ರು ಬರ್ತಾರೆ, ಅಷ್ಟೆ."

ಆ ಮಾತಿಗೆ ಚಿತ್ರ ಒಮ್ಮೆ ಅಲುಗಿತು. ಆಮೇಲೆ ಕೊನೆಯವರೆಗೂ ನಿಶ್ಚಲವಾಗಿತ್ತು. ಮರುದಿನ ಬೆಳಿಗ್ಗೆ 6.50ಕ್ಕೆ ಸಾಲು ಬದಲಾಗಿತ್ತು.

ಫೆಬ್ರವರಿ 14, ಶುಕ್ರವಾರ, ಬೆಳಿಗ್ಗೆ 8.20. ವಾರಂಟ್ ಹಿಡಿದು ಹೋದಾಗ ಡೋರೀನ್ ಮನೆಮುಂದೆ ಹಿಮ ಎತ್ತುತ್ತಿದ್ದಳು. ತನ್ನ ಅಂಗಳ ಮುಗಿಸಿ ಲೆಂಪಿಯ ದಾರಿಯನ್ನು ಅರ್ಧ ಬಿಡಿಸಿದ್ದಳು. ಇವರನ್ನು ಕಂಡು ಸಲಿಕೆಯನ್ನು ಹಿಮಕ್ಕೆ ಚುಚ್ಚಿ ನಿಂತಳು.

"ಅವಳೇ ಹೇಳಿದ್ಳಾ?"

"ಇಲ್ಲ. ಕೇಳಿದಾಗೆಲ್ಲ ತಾನೇ ಬರೆದದ್ದು ಅಂದ್ರು."

"ಅನ್ನದೇ ಇನ್ನೇನು," ಎಂದಳು ಡೋರೀನ್. ಅವಳ ನಗು ನೋಡಲು ಚೆನ್ನಾಗಿರಲಿಲ್ಲ. "ಜೈಲಿಗೆ ಬೇಕಾದ್ರೂ ಹೋಗ್ತಾಳೆ, ನನ್ನ ಹೆಸರು ಮಾತ್ರ ಬಾಯಲ್ಲಿ ಬರಲ್ಲ."

ಲ್ಯಾಪ್‌ಟಾಪನ್ನು ಜಫ್ತಿ ಮಾಡಿದರು. 9.05ಕ್ಕೆ ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ವಕೀಲರು ಬೇಡವೆಂದಳು.

"ಏಳನೇ ಹಂತ ಬದಲಾಯಿಸಿದ್ದು ನೀವೇನಾ?"

"ಹೌದು."

"ಅದರಿಂದ ಏನಾಗತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಹಾಗೆ ಮಾಡಬಾರದು ಅಂತ ಮೊದಲು ಬರೆದೋಳೇ ನಾನು. ಬಳಗದಲ್ಲಿ ಹಳಬರು ನೂರಾರು ಜನ ಇದಾರೆ. ನೋಡಿದ ತಕ್ಷಣ ಕೂಗ್ತಾರೆ ಅಂದ್ಕೊಂಡೆ. ಇದೇನು ಲೆಂಪಿ, ಹುಚ್ಚು ಹಿಡೀತಾ, ಇದನ್ನ ಬರೆದದ್ದು ಯಾರು ಅಂತ ಕೇಳ್ತಾರೆ. ಆಗ ಅವಳು ಹೇಳಲೇಬೇಕಾಗತ್ತೆ, ನಾನಲ್ಲ, ಡೋರೀನ್ ಅಂತ."

"ತಪ್ಪು ನಿಮ್ಮ ತಲೆ ಮೇಲೆ ಬರ್ತಿತ್ತಲ್ಲ."

"ಬರಲಿ. ಹೆಸರಾದ್ರೂ ಬರ್ತಿತ್ತು."

ಟ್ರೆವಾರೊ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ.

"ಯಾರೂ ಕೂಗ್ಲಿಲ್ಲವಾ?" ಕೈಸಾ ಕೇಳಿದಳು.

"ಶುಕ್ರವಾರ ಇಡೀ ದಿನ ಕಾದೆ. ಹೃದಯದ ಚಿಹ್ನೆ ಹಾಕಿದೋರು ಮುನ್ನೂರು ಜನ. ತುಂಬಾ ಚೆನ್ನಾಗಿದೆ ಲೆಂಪಿ ಅಂದ್ರು. ಒಬ್ರೂ ಓದಿರ್ಲಿಲ್ಲ. ಓದಿದ್ದು ರಾಯ್ ಒಬ್ಬನೇ. ಅಕ್ಷರ ಬಿಡದೆ ಓದಿ, ಬರೆದ ಹಾಗೇ ಮಾಡಿದ. ಅವನ ಪ್ರಶ್ನೆಗಳಿಗೆಲ್ಲ ಮೂರು ವರ್ಷದಿಂದ ಉತ್ತರ ಬರೆದೋಳು ನಾನು. ಮೊದಲ ಪದಕ ಮಾಡಿದಾಗ ಚಿತ್ರ ಕಳಿಸಿದ್ದ. ಅವನ ಹೆಂಡತಿ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು ಅಂತ ಬರೆದೆ. ಲೆಂಪಿಗೆ ಥ್ಯಾಂಕ್ಸ್ ಹೇಳಿದ."

ಕೈಸಾಗೆ ಕನಿಕರ ಹುಟ್ಟಿತ್ತು. ಅದರ ಹಿಂದೆಯೇ ಆಸ್ಪತ್ರೆಯ ಹಾಸಿಗೆಯೂ ಕಣ್ಣಿಗೆ ಬಂತು.

"ಭಾನುವಾರ ಚರ್ಚಿನಿಂದ ಓಡಿಹೋಗಿ ಸಾಲು ಸರಿ ಮಾಡಿದ್ರಿ. ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ? ಅವರು ಮಂಗಳವಾರದವರೆಗೂ ಒಲೆ ಹೊಗೆ ಅಂತ್ಲೇ ನೋಡ್ತಿದ್ರು. ಎರಡು ದಿನ ಹಾಳಾಯ್ತು ಅವನಿಗೆ."

ಡೋರೀನ್ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. 10.40ಕ್ಕೆ, ಇನ್ನೊಬ್ಬರ ಜೀವಕ್ಕೆ ಅಪಾಯ ತಂದ ಮತ್ತು ಸಾಕ್ಷ್ಯ ಅಳಿಸಿದ ಆರೋಪದ ಮೇಲೆ ಅವಳನ್ನು ವಿಧಿವತ್ತಾಗಿ ಬಂಧಿಸಲಾಯಿತು.

ರಾಯ್ ಟೊರ್ವಿ ಮಾರ್ಚ್ ಮೊದಲ ವಾರ ಮನೆಗೆ ಬಂದ. ಆಮ್ಲಜನಕದ ನಳಿಕೆ ಜೊತೆಗೇ ಬಂತು, ಅದು ಇನ್ನು ಹೋಗುವಂಥದ್ದಲ್ಲ. ಯಾರು ಮಾಡಿದ್ದೆಂದು ಸೆನ್ಯಾ ಹೇಳಿದಾಗ ಅವನು ಕೇಳಿದ್ದು ಒಂದೇ: "ಹಾಗಾದ್ರೆ ನನಗೆ ಬರೀತಿದ್ದೋರು ಯಾರು?"

ಆರೋಪಪಟ್ಟಿ ನ್ಯಾಯಾಲಯಕ್ಕೆ ಸಲ್ಲಿಕೆಯಾದ ಮರುದಿನ ಲೆಂಪಿ ಠಾಣೆಗೆ ಬಂದಳು. ಡೋರೀನ್ ಕೊಟ್ಟ ಹೇಳಿಕೆ ಈಗ ಯಾರು ಬೇಕಾದರೂ ಓದಬಹುದಂತೆ, ತನಗೆ ಓದಿ ಹೇಳಬೇಕು ಎಂದಳು. ಟ್ರೆವಾರೊ ಎದ್ದು ಬಾಗಿಲು ಮುಚ್ಚಿದ. ಕೈಸಾ ಆರು ಪುಟವನ್ನೂ ನಿಧಾನವಾಗಿ ಓದಿದಳು. ಲೆಂಪಿ ಕೋಟು ಬಿಚ್ಚದೆ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

ಮುಗಿದ ಮೇಲೆ ಕೈಸಾ ಹೇಳಿದಳು: "ಒಂದು ಸಲ ಬಾಯಿಬಿಟ್ಟು ಕೇಳಬಹುದಿತ್ತು ಅವರು."

"ಕೇಳಿದ್ಳು," ಎಂದಳು ಲೆಂಪಿ. "ಹೋದ ಕ್ರಿಸ್‌ಮಸ್‌ಗೆ. ಪಾಠದ ಕೆಳಗೆ ಚಿಕ್ಕದಾಗಿ ತನ್ನ ಹೆಸರೂ ಹಾಕ್ಲಾ ಅಂತ. ಹಾಕಿದ್ರೆ ಎಲ್ಲರಿಗೂ ಗೊತ್ತಾಗತ್ತಲ್ಲೇ ಅಂದೆ. ಆಯ್ತು ಬಿಡಿ ಅಂದ್ಳು. ಆಮೇಲೆ ಕೂತು, ಇನ್ನೂ ಎರಡು ಪಾಠ ಬರೆದು ಕೊಟ್ಟು ಹೋದ್ಳು."